ಮಣಿಕಟ್ಟು ನೋವು, ಬೆರಳಿನ ಜೋಮು: ಕೈರೋಪ್ರಾಕ್ಟರ್ ಬಳಿ ಹೋಗುವ ಮೊದಲು, ಹೋದಾಗ, ಹೋದ ಮೇಲೆ

ಮಣಿಕಟ್ಟು ನೋವಿಗೆ ಕೈರೋಪ್ರಾಕ್ಟರ್, ಅಂದರೆ ಕೀಲು, ಬೆನ್ನುಮೂಳೆಯನ್ನು ಕೈಯಿಂದಲೇ ಒತ್ತಿ ತಿರುಗಿಸಿ ಚಿಕಿತ್ಸೆ ಕೊಡುವವರ ಹತ್ತಿರ ಹೋಗಬಹುದಾ? ಹೀಗೆ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿರುತ್ತಾರೆ. ಮಲಗಿದವರ ಕೈ ಎಳೆದು, ಕುತ್ತಿಗೆ ತಿರುಗಿಸಿ ಟಕ್ ಅನ್ನಿಸುತ್ತಾರೆ. ಅವರು ಎದ್ದು ಕೂತು ನಗುತ್ತಾರೆ. ನಮಗೂ ಹಾಗೇ ಆಗಬಹುದಲ್ವಾ ಅಂತ ಆಸೆಯಾಗುವುದು ಸಹಜ. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗಂತೂ ಆ ಆಸೆ ಇನ್ನೂ ಹೆಚ್ಚು.

ಹೋಗಬಹುದು. ಆದರೆ ಯಾವ ನರ, ಎಲ್ಲಿ ಒತ್ತಿಕೊಂಡಿದೆ ಅಂತ ತಿಳಿದುಕೊಂಡು ಹೋಗಿ. ಅದು ಗೊತ್ತಾಗುವ ಮೊದಲು ಯಾರೂ ನಿಮ್ಮ ಕುತ್ತಿಗೆಯನ್ನು ಜರ್ಕ್ ಕೊಟ್ಟು ತಿರುಗಿಸಬಾರದು. ಮುಂದೆ ಬರುವ ಹಂತಗಳನ್ನು ಇದೇ ಕಾರಣಕ್ಕೆ ಈ ಕ್ರಮದಲ್ಲಿ ಇಟ್ಟಿದ್ದೇನೆ.

ಹಂತ 1: ಡಾಕ್ಟರ್ ಹತ್ತಿರವೇ ಹೋಗಬೇಕಾದ ಲಕ್ಷಣಗಳು

ಬಿದ್ದಾಗ ಕೈ ಊರಿ, ಆಮೇಲೆ ಮಣಿಕಟ್ಟು ನೋಯುತ್ತಿದೆಯಾ? ಹೆಬ್ಬೆರಳನ್ನು ಹಿಂದಕ್ಕೆ ಎತ್ತಿ ನೋಡಿ. ಅದರ ಬುಡದ ಹತ್ತಿರ, ಮಣಿಕಟ್ಟಿನ ಪಕ್ಕದಲ್ಲಿ ಸಣ್ಣದೊಂದು ಗುಳಿ ಕಾಣುತ್ತದೆ. ಅಲ್ಲಿ ಒತ್ತಿದಾಗ ನೋವಾದರೆ ಸ್ಕೇಫಾಯ್ಡ್ ಅನ್ನುವ ಪುಟ್ಟ ಮೂಳೆ ಬಿರುಕು ಬಿಟ್ಟಿರುವ ಸಾಧ್ಯತೆ ಇದೆ. ಇದು ಮೋಸದ ಮುರಿತ. ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಅನುಮಾನವಿದ್ದರೆ ಕೈಗೆ ಪಟ್ಟಿ ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ. ಈ ಮೂಳೆಗೆ ರಕ್ತ ಒಂದು ತುದಿಯಿಂದಲೇ ಹೆಚ್ಚಾಗಿ ಬರುವುದರಿಂದ ಸರಿಯಾಗಿ ಕೂಡಿಕೊಳ್ಳದೆ ಉಳಿಯುವ ಅಪಾಯವಿದೆ. ಇಂಥ ಕೈಯನ್ನು ಯಾರಾದರೂ ಎಳೆದು ತಿರುಗಿಸಿದರೆ ಏನಾಗಬಹುದು, ಯೋಚಿಸಿ.

ಮಣಿಕಟ್ಟು ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರವೂ ಬಂದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೈ ಇದ್ದಕ್ಕಿದ್ದಂತೆ ಸೋತು, ಮಾತು ತೊದಲಿದರೆ ಅಥವಾ ಮುಖ ಒಂದು ಕಡೆ ಜೋತರೆ ಅದು ಪಾರ್ಶ್ವವಾಯು ಆಗಿರಬಹುದು. ಆಗ ಒಂದು ನಿಮಿಷವೂ ಕಾಯಬೇಡಿ.

ಇನ್ನೊಂದು ಲಕ್ಷಣ ಸದ್ದಿಲ್ಲದೆ ಬರುತ್ತದೆ. ಎರಡೂ ಕೈ ಮೊದಲಿನಷ್ಟು ಚುರುಕಾಗಿಲ್ಲ. ಗುಂಡಿ ಹಾಕುವುದು, ಸಹಿ ಮಾಡುವುದು ಕಷ್ಟವಾಗುತ್ತಿದೆ. ಅದರ ಜೊತೆಗೆ ನಡೆಯುವಾಗ ಹೆಜ್ಜೆ ತಪ್ಪುತ್ತದೆ. ಹೀಗಿದ್ದರೆ ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತಿಕೊಂಡಿರಬಹುದು. ಇಂಥವರ ಕುತ್ತಿಗೆಗೆ ಜರ್ಕ್ ಕೊಡಲೇಬಾರದು. ಮೊದಲು ನರರೋಗ ತಜ್ಞರನ್ನು ಕಾಣಿ.

ಹಂತ 2: ಯಾವ ಬೆರಳು ಅಂತ ಗುರುತು ಹಾಕಿಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಆಗುವುದಾದರೆ ಇದನ್ನೇ ಮಾಡಿ. ಒಂದು ಹಾಳೆಯ ಮೇಲೆ ಕೈಯಿಟ್ಟು ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ. ಜೋಮು ಹಿಡಿದಾಗ, ಜುಮ್ಮೆಂದಾಗ ಎಲ್ಲೆಲ್ಲಿ ಅಂತ ಆ ಚಿತ್ರದಲ್ಲೇ ಗೀಚಿ. ನೋವಿಗೆ ಒಂದು ಗುರುತು, ಜೋಮಿಗೆ ಇನ್ನೊಂದು. ಯಾವ ಹೊತ್ತಿನಲ್ಲಿ ಆಯಿತು ಅಂತಲೂ ಬರೆಯಿರಿ. ಕೇಳಿದಾಗ ಎಲ್ಲರೂ "ಇಡೀ ಕೈ ಜೋಮು" ಅಂತಲೇ ಹೇಳುತ್ತಾರೆ. ಆ ಹೊತ್ತಿನಲ್ಲೇ ನೋಡಿ ಗುರುತು ಹಾಕಿದರೆ ಮಾತ್ರ ಕಿರುಬೆರಳು ಸರಿಯಾಗಿಯೇ ಇದೆ ಅನ್ನುವುದು ಗೊತ್ತಾಗುತ್ತದೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಜೊತೆಗೆ ಉಂಗುರ ಬೆರಳಿನ ಅರ್ಧ. ಇಷ್ಟಕ್ಕೂ ಸ್ಪರ್ಶ ಕೊಡುವುದು ಮೀಡಿಯನ್ ನರ. ಇದು ಮಣಿಕಟ್ಟಿನಲ್ಲಿ ಕಾರ್ಪಲ್ ಟನಲ್ ಅನ್ನುವ ಸಣ್ಣ ಸುರಂಗದ ಮೂಲಕ ಅಂಗೈಗೆ ಬರುತ್ತದೆ. ಸುರಂಗದ ತಳ ಮತ್ತು ಗೋಡೆ ಮಣಿಕಟ್ಟಿನ ಪುಟ್ಟ ಮೂಳೆಗಳದ್ದು. ಮೇಲಿನ ಮುಚ್ಚಳ ಒಂದು ದಪ್ಪ ಪಟ್ಟಿಯಂಥ ಲಿಗಮೆಂಟ್. ಬೆರಳು ಮಡಿಸುವ, ಹುರಿಯಂಥ 9 ಟೆಂಡನ್‌ಗಳೂ ಈ ನರವೂ ಅದೇ ಇಕ್ಕಟ್ಟಿನಲ್ಲಿ ಸಾಗಬೇಕು. ಅಲ್ಲಿ ಸ್ವಲ್ಪ ಊದಿಕೊಂಡರೂ ಮೊದಲು ನಲುಗುವುದು ನರವೇ. ಇದನ್ನೇ ಕಾರ್ಪಲ್ ಟನಲ್ ತೊಂದರೆ ಅನ್ನುವುದು. ಮಣಿಕಟ್ಟು ಒಳಗೆ ಬಾಗಿದರೂ ಹಿಂದಕ್ಕೆ ಬಾಗಿದರೂ ಒತ್ತಡ ಏರುತ್ತದೆ. ನಿದ್ದೆಯಲ್ಲಿ ನಾವು ಕೈ ಮಡಚಿಕೊಂಡು ಮಲಗುತ್ತೇವೆ. ಹಾಗಾಗಿಯೇ ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವುದು, ಕೈ ಕೊಡವಿದರೆ ಹಾಯೆನಿಸುವುದು. ಈ ಕೊಡವುವ ಅಭ್ಯಾಸ ಇದೆಯಾ ಅಂತ ಡಾಕ್ಟರ್ ಕೇಳಿಯೇ ಕೇಳುತ್ತಾರೆ.

ಇಲ್ಲಿ ಎರಡು ಸೂಕ್ಷ್ಮ ಪರೀಕ್ಷೆಗಳಿವೆ. ಉಂಗುರ ಬೆರಳಿನ ಎರಡೂ ಬದಿಯನ್ನು ಹತ್ತಿಯಿಂದ ಮೆಲ್ಲಗೆ ಸವರಿ. ನಡುಬೆರಳಿನ ಕಡೆಯ ಬದಿ ಮಾತ್ರ ಮಂಕಾಗಿ, ಕಿರುಬೆರಳಿನ ಕಡೆಯದು ಸರಿಯಾಗಿದ್ದರೆ ತೊಂದರೆ ಕೈಯ ನರದಲ್ಲೇ ಇರುವ ಸಾಧ್ಯತೆ ಹೆಚ್ಚು. ಕುತ್ತಿಗೆಯಿಂದ ಬರುವ ಜೋಮು ಒಂದೇ ಬೆರಳನ್ನು ಹೀಗೆ ಸೀಳಿದಂತೆ ಎರಡು ಭಾಗ ಮಾಡುವುದು ಅಪರೂಪ. ಎರಡನೆಯದು, ಹೆಬ್ಬೆರಳಿನ ಬುಡದಲ್ಲಿರುವ ಮಾಂಸದ ಉಬ್ಬನ್ನು ಸವರಿ. ಕಾರ್ಪಲ್ ಟನಲ್ ತೊಂದರೆಯಲ್ಲಿ ಅಲ್ಲಿಯ ಚರ್ಮದ ಸ್ಪರ್ಶ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅಲ್ಲಿಗೆ ಹೋಗುವ ಕವಲು ಸುರಂಗಕ್ಕೆ ಮೊದಲೇ ಬೇರೆಯಾಗಿ ಹೊರಗಿನಿಂದ ಹೋಗುವುದೇ ಕಾರಣ. ಆ ಉಬ್ಬೂ ಮರಗಟ್ಟಿದ್ದರೆ ತೊಂದರೆ ಇನ್ನೂ ಮೇಲೆ ಎಲ್ಲೋ ಇದೆ ಅಂತ ಅನುಮಾನಿಸಬೇಕು.

ಕಿರುಬೆರಳು ಮತ್ತು ಉಂಗುರ ಬೆರಳಿನ ಉಳಿದರ್ಧ ಜೋಮು ಹಿಡಿಯುತ್ತಿದ್ದರೆ ಅದು ಅಲ್ನಾರ್ ನರ. ಇದು ಹೆಚ್ಚಾಗಿ ಒತ್ತಿಕೊಳ್ಳುವುದು ಮೊಣಕೈಯ ಒಳಬದಿಯಲ್ಲಿ. ಮೇಜಿನ ಅಂಚಿಗೆ ಮೊಣಕೈ ಊರುವವರಿಗೆ, ಗಂಟೆಗಟ್ಟಲೆ ಫೋನ್ ಕಿವಿಗಿಟ್ಟು ಮಾತಾಡುವವರಿಗೆ, ಮೊಣಕೈ ಪೂರ್ತಿ ಮಡಚಿ ಮಲಗುವವರಿಗೆ ಇದು ಬರುತ್ತದೆ. ಸೈಕಲ್ ಹ್ಯಾಂಡಲ್ ಮೇಲೆ ಭಾರ ಹಾಕಿ ದೂರ ಹೋಗುವವರಲ್ಲಿ ಇದೇ ನರ ಅಂಗೈ ಬುಡದಲ್ಲಿ ಒತ್ತಿಕೊಳ್ಳುತ್ತದೆ. ಹಸ್ತದ ಹಿಂಬದಿಯಲ್ಲಿ, ಹೆಬ್ಬೆರಳಿನ ಕಡೆ ಉರಿಯಿದ್ದರೆ ಅಲ್ಲಿಯ ನರವನ್ನು ಒತ್ತುತ್ತಿರಬಹುದಾದ ಗಡಿಯಾರದ ಪಟ್ಟಿ, ಬಿಗಿ ಬಳೆಯನ್ನು ಮೊದಲು ಸಡಿಲ ಮಾಡಿ ನೋಡಿ.

ನೋವು ಕುತ್ತಿಗೆಯಿಂದ ಅಥವಾ ಭುಜದ ಹಿಂದಿನಿಂದ ಹೊರಟು ಕೈಗೆ ಇಳಿಯುತ್ತಿದೆಯಾ? ತಲೆ ಒಂದು ಕಡೆ ತಿರುಗಿಸಿದರೆ ಜಾಸ್ತಿಯಾಗಿ, ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಕಡಿಮೆಯಾಗುತ್ತದಾ? ಹಾಗಿದ್ದರೆ ಕುತ್ತಿಗೆಯಲ್ಲಿ ನರದ ಬೇರು ಒತ್ತಿಕೊಂಡಿರಬಹುದು. 6ನೇ ಬೇರಿನದ್ದು ಹೆಬ್ಬೆರಳಿಗೆ, 7ನೆಯದ್ದು ನಡುಬೆರಳಿಗೆ, 8ನೆಯದ್ದು ಕಿರುಬೆರಳಿಗೆ ಬರುತ್ತದೆ. ಕೆಲವರಿಗೆ ಕುತ್ತಿಗೆಯಲ್ಲೂ ಮಣಿಕಟ್ಟಿನಲ್ಲೂ ಒಟ್ಟಿಗೇ ತೊಂದರೆ ಇರುವುದುಂಟು.

ಜೋಮೇ ಇಲ್ಲದೆ ಬರೀ ಹೆಬ್ಬೆರಳಿನ ಪಕ್ಕದ ಮಣಿಕಟ್ಟು ನೋಯುತ್ತಿದ್ದರೆ ಅದು ನರದ್ದಲ್ಲದೇ ಇರಬಹುದು. ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು, ಕೈಯನ್ನು ಕಿರುಬೆರಳಿನ ಕಡೆಗೆ ನಿಧಾನವಾಗಿ ಬಗ್ಗಿಸಿ. ಚುಚ್ಚಿದಂತೆ ನೋವಾದರೆ ಅದು ಡಿ ಕ್ವೆರ್ವೇನ್ ಅನ್ನುವ ಟೆಂಡನ್ ತೊಂದರೆ ಆಗಿರಬಹುದು. ಹಸುಗೂಸನ್ನು ಪದೇಪದೇ ಎತ್ತಿಕೊಳ್ಳುವ ತಾಯಂದಿರಲ್ಲಿ ಇದು ತುಂಬಾ ಸಾಮಾನ್ಯ. ಇದಕ್ಕೆ ಬೇಕಾಗಿರುವುದು ಹೆಬ್ಬೆರಳಿಗೆ ವಿಶ್ರಾಂತಿ. ಬೆನ್ನುಮೂಳೆಗೂ ಇದಕ್ಕೂ ಸಂಬಂಧವಿಲ್ಲ.

ಹಂತ 3: ಒಂದು ನಿಮಿಷದ ಪರೀಕ್ಷೆ

ಎರಡೂ ಹಸ್ತಗಳ ಹಿಂಬದಿಯನ್ನು ಎದೆಯ ಮುಂದೆ ಒಂದಕ್ಕೊಂದು ತಾಗಿಸಿ, ಬೆರಳುಗಳು ಕೆಳಮುಖವಾಗಿರಲಿ. 60 ಸೆಕೆಂಡ್ ಹಾಗೇ ಇರಿ. ಮೊದಲ ಮೂರೂವರೆ ಬೆರಳುಗಳಲ್ಲಿ ಜುಮ್ಮೆಂದರೆ ಅದು ಫೇಲನ್ ಪರೀಕ್ಷೆಯಲ್ಲಿ ಬಂದ ಸುಳಿವು. ಬರದಿದ್ದರೆ ತೊಂದರೆಯೇ ಇಲ್ಲ ಅಂತ ತಿಳಿಯಬೇಡಿ.

ಆಮೇಲೆ ಎರಡೂ ಅಂಗೈಗಳನ್ನು ಮೇಲ್ಮುಖ ಮಾಡಿ ಬೆಳಕಿನಲ್ಲಿ ಹೋಲಿಸಿ. ಹೆಬ್ಬೆರಳಿನ ಬುಡದ ಉಬ್ಬು ಒಂದು ಕೈಯಲ್ಲಿ ಚಪ್ಪಟೆಯಾಗಿ ಸೊರಗಿದೆಯಾ? ಹೆಬ್ಬೆರಳನ್ನು ನೇರ ಮೇಲಕ್ಕೆತ್ತಿ, ಇನ್ನೊಂದು ಕೈಯಿಂದ ಕೆಳಗೆ ಒತ್ತಿದರೆ ಸುಲಭವಾಗಿ ಸೋಲುತ್ತದಾ? ಹೌದು ಅನ್ನುವುದಾದರೆ ನರ ತುಂಬಾ ದಿನದಿಂದ ನರಳುತ್ತಿದೆ. ಆಗ ಮಾಲೀಶು, ಮ್ಯಾನಿಪ್ಯುಲೇಶನ್ (ಕೀಲನ್ನು ಕೈಯಿಂದ ಒತ್ತಿ ತಿರುಗಿಸುವುದು) ಅಂತ ಸಮಯ ಕಳೆಯಬೇಡಿ, ನೇರವಾಗಿ ಕೈ ತಜ್ಞರನ್ನು ಅಥವಾ ಮೂಳೆ ತಜ್ಞರನ್ನು ಕಾಣಿ.

ಹಂತ 4: ರಕ್ತಪರೀಕ್ಷೆ

ಡಯಾಬಿಟಿಸ್, ಥೈರಾಯ್ಡ್ ಕಡಿಮೆ ಇರುವುದು, ಸಂಧಿವಾತ (ರುಮಟಾಯ್ಡ್ ಆರ್ಥ್ರೈಟಿಸ್), ಗರ್ಭಿಣಿಯಾಗಿರುವುದು, ತೂಕ ಜಾಸ್ತಿಯಿರುವುದು. ಇವೆಲ್ಲ ಕಾರ್ಪಲ್ ಟನಲ್ ತೊಂದರೆಗೆ ದಾರಿ ಮಾಡುತ್ತವೆ. ಎರಡೂ ಕೈಗೆ ಬಂದಿದ್ದರಂತೂ ಸಕ್ಕರೆ, ಥೈರಾಯ್ಡ್ ನೋಡಿಸಲೇಬೇಕು. ಪಾದಗಳೂ ಜೋಮು ಹಿಡಿಯುತ್ತಿದ್ದರೆ ವಿಟಮಿನ್ ಬಿ12 ಕೂಡ ನೋಡಿಸಿ. ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದುಂಟು. ಕೊರತೆ ಇರುವುದು ರಕ್ತದಲ್ಲಾದರೆ ಕೀಲು ಸರಿಮಾಡಿ ಪ್ರಯೋಜನವಿಲ್ಲ.

ಹಂತ 5: ಸ್ಪ್ಲಿಂಟ್ ಇವತ್ತಿನಿಂದಲೇ ಶುರುಮಾಡಿ

ಕಾರ್ಪಲ್ ಟನಲ್ ತೊಂದರೆ ಅಂತ ಅನ್ನಿಸಿದರೆ, ಯಾರ ಹತ್ತಿರ ಹೋಗುವುದಾದರೂ ಸರಿ, ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್ (ಮಣಿಕಟ್ಟು ಬಾಗದಂತೆ ಹಿಡಿಯುವ ಆಸರೆ ಪಟ್ಟಿ) ಕಟ್ಟಿಕೊಂಡು ಮಲಗಿ. ಮಣಿಕಟ್ಟು ನೇರವಾಗಿರಬೇಕು, ಬೆರಳುಗಳು ಆರಾಮಾಗಿ ಆಡಬೇಕು, ಪಟ್ಟಿ ಬಿಗಿಯಾಗಿರಬಾರದು. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಪ್ಲಿಂಟ್‌ಗಳ ಒಳಗಿರುವ ಲೋಹದ ಪಟ್ಟಿ ಹಿಂದಕ್ಕೆ ಬಾಗಿರುತ್ತದೆ. ಹಾಗೇ ಕಟ್ಟಿಕೊಂಡರೆ ಮಣಿಕಟ್ಟೂ ಹಿಂದಕ್ಕೆ ಬಾಗಿ ಸುರಂಗದ ಒತ್ತಡ ಇಳಿಯುವುದಿಲ್ಲ. ಆ ಪಟ್ಟಿಯನ್ನು ಎಳೆದು ತೆಗೆದು, ನೆಟ್ಟಗೆ ಮಾಡಿ ಮತ್ತೆ ಒಳಗೆ ತೂರಿಸಿ. "ಸ್ಪ್ಲಿಂಟ್ ಹಾಕಿದೆ, ಏನೂ ಆಗಲಿಲ್ಲ" ಅನ್ನುವವರು ಒಮ್ಮೆ ಇದನ್ನು ನೋಡಿಕೊಳ್ಳಬೇಕು. ಕನಿಷ್ಠ 6 ವಾರ, ಒಂದು ರಾತ್ರಿಯೂ ತಪ್ಪದೆ ಹಾಕಿ. ಗರ್ಭಿಣಿಯರಿಗೆ ಹೆಚ್ಚಾಗಿ ಇಷ್ಟೇ ಸಾಕಾಗುತ್ತದೆ. ಹೆರಿಗೆಯಾದ ಮೇಲೆ ಬಹುಪಾಲು ಜನರಿಗೆ ಜೋಮು ತಾನಾಗಿಯೇ ಇಳಿಯುತ್ತದೆ.

ಹಗಲಿನಲ್ಲಿ ಕೀಬೋರ್ಡ್ ಬಳಸುವಾಗ ಮಣಿಕಟ್ಟು ಮೇಲಕ್ಕೆ ಬಾಗದಂತೆ ಕುರ್ಚಿ, ಮೇಜಿನ ಎತ್ತರ ನೋಡಿಕೊಳ್ಳಿ. ಕಂಪಿಸುವ ಯಂತ್ರ ಹಿಡಿದು ಕೆಲಸ ಮಾಡುವವರು ಮಧ್ಯೆ ಮಧ್ಯೆ ಕೈಗೆ ಬಿಡುವು ಕೊಡಲೇಬೇಕು. ಕೀಬೋರ್ಡಿಗಿಂತ ಕಂಪನ ಮತ್ತು ಬಿಗಿಯಾಗಿ ಹಿಡಿದು ಮಾಡುವ ಕೆಲಸವೇ ಈ ನರಕ್ಕೆ ದೊಡ್ಡ ಶತ್ರು.

ಹಂತ 6: ಕೈರೋಪ್ರಾಕ್ಟರನ್ನು ಆರಿಸುವುದು

ಕೈರೋಪ್ರಾಕ್ಟಿಕ್ ಶುರುವಾದದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ. ಶುರುಮಾಡಿದವರು ಡಿ. ಡಿ. ಪಾಮರ್. ಬೆನ್ನಿನ ಮೂಳೆಗಳು ಜಾಗ ತಪ್ಪಿ ನರಗಳನ್ನು ಒತ್ತುವುದೇ ಹೆಚ್ಚಿನ ಕಾಯಿಲೆಗಳ ಮೂಲ ಅಂತ ಅವರು ನಂಬಿದ್ದರು. ಆ ನಂಬಿಕೆಗೆ ವಿಜ್ಞಾನದ ಆಧಾರ ಸಿಕ್ಕಿಲ್ಲ. ಇವತ್ತು ಈ ವೃತ್ತಿಯಲ್ಲಿರುವ ಅನೇಕರು ಅದನ್ನು ಬಿಟ್ಟು, ಕೀಲು ಸಡಿಲಿಸುವುದು, ಸ್ನಾಯು ಒತ್ತಿ ಬಿಡಿಸುವುದು, ವ್ಯಾಯಾಮ ಹೇಳಿಕೊಡುವುದು ಇಷ್ಟಕ್ಕೆ ನಿಂತಿದ್ದಾರೆ. ಹಳೆಯ ನಂಬಿಕೆಯಲ್ಲೇ ಇರುವವರೂ ಇದ್ದಾರೆ. ನಿಮಗೆ ಬೇಕಾದವರು ಮೊದಲನೆಯ ಗುಂಪಿನವರು.

ಅವರನ್ನು ಗುರುತಿಸುವುದು ಹೇಗೆ? ಮೊದಲು ಓದು ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಪೂರ್ಣ ತರಬೇತಿ ಅಂದರೆ 4 ವರ್ಷ, ಕನಿಷ್ಠ 4200 ಗಂಟೆ. ಅದರಲ್ಲಿ 1000 ಗಂಟೆ ಹಿರಿಯರ ಕಣ್ಣೆದುರೇ ರೋಗಿಗಳನ್ನು ನೋಡಿರಬೇಕು. ನೀವಿರುವ ಕಡೆ ಈ ವೃತ್ತಿಗೆ ಲೈಸೆನ್ಸ್ ಕೊಡುವ ಮಂಡಳಿ ಇದ್ದರೆ ಅಲ್ಲಿ ಹೆಸರಿದೆಯಾ ನೋಡಿ. ವಾರಾಂತ್ಯದ ಕೋರ್ಸ್ ಮಾಡಿ ವಿಡಿಯೋ ಹಾಕುವವರ ಕೈಗೆ ನಿಮ್ಮ ಕುತ್ತಿಗೆ ಕೊಡಬೇಡಿ.

ಆಮೇಲೆ ಒಂದೇ ಪ್ರಶ್ನೆ ಕೇಳಿ: "ನನ್ನ ಯಾವ ನರ, ಎಲ್ಲಿ ಒತ್ತಿಕೊಂಡಿದೆ ಅಂತ ನಿಮಗೆ ಅನ್ನಿಸುತ್ತದೆ?" ಒಳ್ಳೆಯವರು ನಿಮ್ಮ ಚಿತ್ರದ ಹಾಳೆ ನೋಡುತ್ತಾರೆ, ಬೆರಳು ಮುಟ್ಟಿ ನೋಡುತ್ತಾರೆ, ಮೊಣಕೈ ತಟ್ಟುತ್ತಾರೆ, ಕುತ್ತಿಗೆ ಆಡಿಸಿ ನೋಡುತ್ತಾರೆ, ಆಮೇಲೆ ಉತ್ತರ ಕೊಡುತ್ತಾರೆ. ಬಂದವರಿಗೆಲ್ಲ "ನಿಮ್ಮ ಬೆನ್ನುಮೂಳೆ ಜಾಗ ತಪ್ಪಿದೆ" ಅನ್ನುವವರು, ಮೊದಲ ದಿನವೇ ಇಡೀ ಬೆನ್ನಿನ ಎಕ್ಸ್‌ರೇ ತೆಗೆಸಿ ತಿಂಗಳುಗಟ್ಟಲೆಯ ಪ್ಯಾಕೇಜಿಗೆ ದುಡ್ಡು ಕಟ್ಟಿ ಅನ್ನುವವರು, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಅನ್ನುವವರು ಬೇಡ. ಎದ್ದು ಬನ್ನಿ.

ಗುಣವಾಗುವುದರ ಬಗ್ಗೆ ಎಷ್ಟು ಆಸೆ ಇಟ್ಟುಕೊಳ್ಳಬಹುದು? 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾರ್ಪಲ್ ಟನಲ್ ತೊಂದರೆಯಿದ್ದ 91 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆ, ರಾತ್ರಿ ಮಣಿಕಟ್ಟಿಗೆ ಆಸರೆ ಪಟ್ಟಿ. ಇನ್ನೊಂದಕ್ಕೆ ಕೈ ಮತ್ತು ಬೆನ್ನಿನ ಮ್ಯಾನಿಪ್ಯುಲೇಶನ್, ಅಲ್ಟ್ರಾಸೌಂಡ್ ಚಿಕಿತ್ಸೆ (ಸ್ಕ್ಯಾನ್ ಅಲ್ಲ), ರಾತ್ರಿ ಅದೇ ಪಟ್ಟಿ. 9 ವಾರ ನಡೆಯಿತು. ಎರಡೂ ಗುಂಪು ಸುಧಾರಿಸಿತು, ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಇದ್ದದ್ದು ಆ ರಾತ್ರಿ ಪಟ್ಟಿ, ಗಮನಿಸಿದಿರಾ? ಏನೂ ಚಿಕಿತ್ಸೆ ಕೊಡದ ಗುಂಪು ಇಲ್ಲದ್ದರಿಂದ ಯಾವುದರಿಂದ ಎಷ್ಟು ಗುಣವಾಯಿತು ಅಂತ ಬಿಡಿಸಿ ಹೇಳಲಾಗದು. ನನ್ನ ಮಟ್ಟಿಗೆ ಇದರ ಅರ್ಥ ಇಷ್ಟು: ಸೌಮ್ಯ ತೊಂದರೆಗೆ ಕೈಯಿಂದ ಮಾಡುವ ಚಿಕಿತ್ಸೆಯನ್ನು ಸ್ಪ್ಲಿಂಟ್ ಜೊತೆಗೆ ಪ್ರಯತ್ನಿಸಬಹುದು, ಸ್ಪ್ಲಿಂಟ್ ಬಿಟ್ಟು ಅದೊಂದನ್ನೇ ನಂಬಬಾರದು.

ಹಂತ 7: ಟೇಬಲ್ ಮೇಲೆ ಮಲಗುವ ಮೊದಲು

ರಕ್ತ ತೆಳುವಾಗುವ ಮಾತ್ರೆ, ಮೂಳೆ ಸವೆತ, ಸಂಧಿವಾತ, ಹಿಂದೆ ಆಗಿದ್ದ ಕ್ಯಾನ್ಸರ್, ಕುತ್ತಿಗೆ ಆಪರೇಶನ್, ಇತ್ತೀಚೆಗೆ ಬಿದ್ದದ್ದು. ಅವರು ಕೇಳದಿದ್ದರೂ ನೀವೇ ಹೇಳಿ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಹಿಡಿತ ಸಡಿಲವಾಗಿರುವ ಸಾಧ್ಯತೆ ಇದೆ. ಅಲ್ಲಿ ಜರ್ಕ್ ಕೊಟ್ಟರೆ ಬೆನ್ನುಹುರಿಗೇ ಪೆಟ್ಟಾಗಬಹುದು. ಪೇಸ್‌ಮೇಕರ್ ಇದ್ದರೆ ಕರೆಂಟ್ ಕೊಡುವ ಯಂತ್ರ ಹಚ್ಚುವ ಮೊದಲೇ ಹೇಳಬೇಕು.

ತೊಂದರೆ ಮಣಿಕಟ್ಟಿನಲ್ಲೇ ಅಂತ ಗೊತ್ತಾಗಿದ್ದರೆ "ಕುತ್ತಿಗೆಗೆ ಜರ್ಕ್ ಬೇಡ" ಅಂತ ಮೊದಲೇ ಸ್ಪಷ್ಟವಾಗಿ ಹೇಳಿ. ಇದು ನಿಮ್ಮ ಹಕ್ಕು, ಸಂಕೋಚ ಬೇಡ. ಕುತ್ತಿಗೆಯನ್ನು ರಭಸವಾಗಿ ತಿರುಗಿಸಿದಾಗ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳಿವೆ. ಅಪರೂಪ, ನಿಜ. ಆದರೆ ಮಣಿಕಟ್ಟಿನ ಜೋಮಿಗೆ ಅಷ್ಟು ದೊಡ್ಡ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವೇ ಇಲ್ಲ. ಕುತ್ತಿಗೆಯಲ್ಲೇ ತೊಂದರೆ ಇದ್ದರೂ ಜರ್ಕ್ ಇಲ್ಲದೆ ನಿಧಾನವಾಗಿ ಆಡಿಸುವ ವಿಧಾನ ಇದೆ, ಅದನ್ನೇ ಕೇಳಿ. ಚಿಕಿತ್ಸೆಯ ನಂತರ ಹಿಂದೆಂದೂ ಬಾರದಂಥ ಕುತ್ತಿಗೆ ನೋವು ಅಥವಾ ತಲೆನೋವು, ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನಡೆಯುವಾಗ ವಾಲುವುದು ಕಂಡರೆ ಮಲಗಿದರೆ ಸರಿಹೋಗುತ್ತದೆ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಆ ಟಕ್ ಸದ್ದಿಗೆ ಮರುಳಾಗಬೇಡಿ. ಕೀಲಿನೊಳಗಿನ ದ್ರವದಲ್ಲಿ ಗ್ಯಾಸ್ ಗುಳ್ಳೆಯಾಗುವಾಗ ಬರುವ ಸದ್ದು ಅದು. ನೆಟಿಕೆ ಮುರಿದಾಗ ಬರುವುದೂ ಅದೇ. ಮೂಳೆ ಜಾಗಕ್ಕೆ ಕೂತಿತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಸದ್ದು ಬಂದರೂ ಬರದಿದ್ದರೂ ನರದ ಮೇಲಿನ ಒತ್ತಡಕ್ಕೆ ವ್ಯತ್ಯಾಸವಿಲ್ಲ.

ಮಣಿಕಟ್ಟಿನ ಮೇಲೆ ಕೆಲಸ ಮಾಡುವಾಗ ಹಾಯೆನಿಸಬೇಕು, ಹೆಚ್ಚೆಂದರೆ ಎಳೆದಂತೆ ಅನ್ನಿಸಬೇಕು. ಬೆರಳಿಗೆ ಕರೆಂಟ್ ಹೊಡೆದಂತಾದರೆ ತಕ್ಷಣ ನಿಲ್ಲಿಸಲು ಹೇಳಿ. ನರ ಇರುವ ಜಾಗವನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ ಉಜ್ಜುವುದು ಮೊದಲೇ ನಲುಗಿದ ನರಕ್ಕೆ ಇನ್ನಷ್ಟು ಹಿಂಸೆ.

ಹಂತ 8: ಮನೆಯಲ್ಲಿ ಮಾಡುವ ನರದ ವ್ಯಾಯಾಮ

ಒಳ್ಳೆಯ ಕೈರೋಪ್ರಾಕ್ಟರ್ ಆಗಲಿ ಫಿಸಿಯೋಥೆರಪಿಸ್ಟ್ ಆಗಲಿ ಇದನ್ನು ಹೇಳಿಕೊಡುತ್ತಾರೆ. ಮಣಿಕಟ್ಟು ನೇರ ಇಟ್ಟು ಮುಷ್ಟಿ ಕಟ್ಟಿ. ಬೆರಳು, ಹೆಬ್ಬೆರಳು ಬಿಡಿಸಿ ನೇರ ಮಾಡಿ. ಮಣಿಕಟ್ಟನ್ನು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ. ಹೆಬ್ಬೆರಳನ್ನು ಪಕ್ಕಕ್ಕೆ ಚಾಚಿ. ಅಂಗೈ ಮೇಲ್ಮುಖವಾಗುವಂತೆ ಮುಂದೋಳು ತಿರುಗಿಸಿ. ಕೊನೆಗೆ ಇನ್ನೊಂದು ಕೈಯಿಂದ ಹೆಬ್ಬೆರಳನ್ನು ಸ್ವಲ್ಪವೇ ಸ್ವಲ್ಪ ಹಿಂದಕ್ಕೆ ಎಳೆಯಿರಿ. ಪ್ರತಿ ಭಂಗಿಯಲ್ಲಿ ಕೆಲವು ಸೆಕೆಂಡ್ ಸಾಕು. ದಿನಕ್ಕೆ ಎರಡು ಮೂರು ಸಲ ಮಾಡಿದರೆ ಸಾಕಷ್ಟಾಯಿತು. ಜುಮ್ಮೆನ್ನಲು ಶುರುವಾದ ಭಂಗಿಯಲ್ಲೇ ನಿಲ್ಲಿಸಿ, ಅದರಾಚೆ ಹೋಗಬೇಡಿ. ನರ ಜಾರಿ ಆಡಬೇಕು ಅಷ್ಟೇ, ಅದನ್ನು ಎಳೆದು ಉದ್ದ ಮಾಡುವುದು ಉದ್ದೇಶವಲ್ಲ.

ಹಂತ 9: 6 ವಾರಕ್ಕೆ ಲೆಕ್ಕ ಹಾಕಿ

ವಾರಕ್ಕೆ ಎಷ್ಟು ರಾತ್ರಿ ಎಚ್ಚರವಾಯಿತು, ಕೈಯಿಂದ ವಸ್ತು ಜಾರುತ್ತಿದೆಯಾ, ಸಣ್ಣ ಗುಂಡಿ ಹಾಕಲು ಆಗುತ್ತಿದೆಯಾ. ಇವನ್ನು ಮೊದಲ ದಿನವೇ ಬರೆದಿಟ್ಟು 6 ವಾರಕ್ಕೆ ಹೋಲಿಸಿ. ಚಿಕಿತ್ಸೆಯಾದ ಅರ್ಧ ದಿನ ಹಗುರ ಅನ್ನಿಸಿ ಮತ್ತೆ ಮೊದಲಿನಂತಾದರೆ ಅದನ್ನು ಸುಧಾರಣೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎಚ್ಚರವಾಗುವ ರಾತ್ರಿಗಳು ಕಡಿಮೆಯಾಗಿದ್ದರೆ ಮುಂದುವರಿಸಿ. ಇಲ್ಲದಿದ್ದರೆ, ಅಥವಾ ಮೊದಲು ಬಂದು ಹೋಗುತ್ತಿದ್ದ ಜೋಮು ಈಗ ದಿನವಿಡೀ ಇರುತ್ತಿದ್ದರೆ, ಅಲ್ಲಿಗೆ ನಿಲ್ಲಿಸಿ ಡಾಕ್ಟರನ್ನು ಕಾಣಿ.

ಅಲ್ಲಿ ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತಿದೆ ಅಂತ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆ ಮಾಡುತ್ತಾರೆ. ಸಣ್ಣ ಸಣ್ಣ ಶಾಕ್ ಕೊಟ್ಟಂತೆ ಅನ್ನಿಸುತ್ತದೆ, ತಡೆಯಬಹುದು. ಆಮೇಲೆ ಸುರಂಗದೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹೇಳಬಹುದು. ಇಂಜೆಕ್ಷನ್ ಮತ್ತು ರಾತ್ರಿ ಸ್ಪ್ಲಿಂಟ್ ಹೋಲಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 6 ವಾರಕ್ಕೆ ಇಂಜೆಕ್ಷನ್ ಮೇಲುಗೈ ಪಡೆದಿತ್ತು, 6 ತಿಂಗಳ ಹೊತ್ತಿಗೆ ಎರಡೂ ಒಂದೇ ಆಗಿತ್ತು. ಬೇಗ ಆರಾಮ ಬೇಕಾದವರಿಗೆ ಅದು ಒಳ್ಳೆಯ ದಾರಿ.

ಆಪರೇಶನ್ ಅಂದರೆ ಹೆದರುವವರು ಜಾಸ್ತಿ. ಇದು ಸಾಮಾನ್ಯವಾಗಿ ಕೈ ಮಾತ್ರ ಮರಗಟ್ಟಿಸಿ ಮಾಡುವ ಸಣ್ಣ ಆಪರೇಶನ್. ಸುರಂಗದ ಮೇಲಿನ ಲಿಗಮೆಂಟ್ ಕತ್ತರಿಸಿ ನರಕ್ಕೆ ಜಾಗ ಮಾಡುತ್ತಾರೆ. ಹೆಚ್ಚಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ರಾತ್ರಿಯ ಜೋಮು ಬಹಳಷ್ಟು ಜನರಿಗೆ ಬೇಗ ಹೋಗುತ್ತದೆ. ಬೆರಳ ತುದಿಯ ಮಂಕು ಹೋಗಲು ತಿಂಗಳುಗಳು ಬೇಕಾಗಬಹುದು, ಪೆಟ್ಟಾದ ನರದ ಎಳೆ ಬೆಳೆಯುವುದೇ ದಿನಕ್ಕೆ ಸುಮಾರು 1 ಮಿಲಿಮೀಟರ್. ಹೆಬ್ಬೆರಳಿನ ಬುಡದ ಉಬ್ಬು ಪೂರ್ತಿ ಸೊರಗುವವರೆಗೆ ಕಾದವರಿಗೆ ಆಪರೇಶನ್ ಆದ ಮೇಲೂ ಆ ಶಕ್ತಿ ಎಲ್ಲ ವಾಪಸ್ ಬರುತ್ತದೆ ಅಂತ ಯಾವ ಡಾಕ್ಟರೂ ಮಾತು ಕೊಡಲಾರರು. ಹಾಗಾಗಿ ಕೈರೋಪ್ರಾಕ್ಟರ್ ಬಳಿ ಹೋಗುತ್ತಿರುವಾಗಲೂ ವಾರಕ್ಕೊಮ್ಮೆ ಎರಡು ಅಂಗೈಗಳನ್ನು ಬೆಳಕಿನಲ್ಲಿ ಹೋಲಿಸಿ ನೋಡುವುದನ್ನು ಬಿಡಬೇಡಿ.